ಫಿಟ್ಸ್ ಬರಲೆಂದು ಕಾಯುವ ವಾರ್ಡು

...ಅಲ್ಲಾಡಬೇಡ ಅಂದೆ ತಾನೆ? ತಲೆಗೆ ಅಂಟಿಸಿರೋ ವೈರು ಒಂದು ಕಿತ್ತು ಬಂದ್ರೂ ನರ್ಸ್ ಬೈಯೋದು ನಿನಗಲ್ಲ, ನಿನ್ನ ಚೇಚಿಗೆ, ಈ ಅಕ್ಕನಿಗೆ. ಆ ಕೈಗೆ ಸೂಜಿ ಚುಚ್ಚಿದಾರೆ, ನಾನೇ ತಿನ್ನಿಸ್ತೀನಿ. ಗಂಜಿ ಆರಿಹೋಗ್ತಿದೆ... ಹಾಂ, ಹಾಗೆ.

ಡಾಕ್ಟರ್ ಹೇಳಿದ್ದು ಅರ್ಥ ಆಯ್ತಾ ನಿಂಗೆ? ಮಿದುಳಿನ ರಕ್ತನಾಳದ ಗೋಡೇಲಿ ಏನೋ ಪ್ರೋಟೀನ್ ಇರುತ್ತಂತೆ. ವಿಷ ಒಳಗೆ ಬರದ ಹಾಗೆ ತಡೆಯೋದು ಅದರ ಕೆಲಸ. ನಿನ್ನಂಥವರಲ್ಲಿ ಅದು ಜಾಸ್ತಿಯಾಗಿ ಮಾತ್ರೇನೂ ಆಚೆ ತಳ್ತಾ ಇರಬಹುದು, ಮಾತ್ರೆ ನಾಟದೇ ಇರೋದಕ್ಕೆ ಅದೂ ಒಂದು ಕಾರಣ ಇರಬಹುದು, ಅಂದ್ರು. ದೋಣಿಗೆ ನುಗ್ಗಿದ ನೀರನ್ನ ಅಪ್ಪಚ್ಚನ್ ಮೊಗೆಮೊಗೆದು ಎಸೀತಾರಲ್ಲ, ಹಾಗೆ... ಯಾಕೆ ನಗ್ತೀಯ? ನಿಂಗೆ ಇನ್ನು ಹೇಗೆ ಹೇಳೋದು?

ಹೂಂ, ಗೊತ್ತು ಕಣೋ. ಮಾತ್ರೆ ನಿಲ್ಲಿಸಿದಾರೆ. ಫಿಟ್ಸ್ ಬರಬೇಕು. ಮಿದುಳಲ್ಲಿ ಎಲ್ಲಿಂದ ಶುರುವಾಗುತ್ತೆ ಅಂತ ಗೊತ್ತಾದ್ರೆ ಆಪರೇಷನ್, ಆಮೇಲೆ ನೀನು ಮತ್ತೆ ಕಡಲಿಗೆ. ಬರದೇ ಇದ್ರೆ ನಾಳೆ ಮನೆಗೆ. ಪಕ್ಕದ ಹಾಸಿಗೆ ಹುಡುಗಿಗೆ ಬಂತು ಅಂತ ಅವರಮ್ಮ ಲಡ್ಡು ಹಂಚಿದ್ರು, ಪರೀಕ್ಷೆ ಪಾಸಾದ ಹಾಗೆ. ಎಂಥಾ ವಾರ್ಡಪ್ಪ ಇದು!

ನಂಗಾ? ನಂಗೇನೂ ಅನ್ಸಲ್ಲ. ಅಳೂನೂ ಬರಲ್ಲ. ಊರಿಂದ, ವಿಳಿಂಜಂನಿಂದ ಅಮ್ಮಚ್ಚಿ ಫೋನ್ ಮಾಡಿದ್ರೆ, ಬಂದಿಲ್ಲ ಅಂತೀನಿ. ಇಡ್ತೀನಿ.

ಆಪರೇಷನ್ ಆದ್ಮೇಲೆ ಹೆಸರುಗಳು ಮರೀಬಹುದು ಅಂದ್ರಲ್ಲ, ಕೇಳಿಸ್ಕೊಂಡ್ಯಾ? ಮೀನಿನ ಹೆಸರು, ಮನುಷ್ಯರ ಹೆಸರು... ಪರವಾಗಿಲ್ಲ ಅಂತ ತಲೆ ಆಡಿಸ್ಬೇಡ. ನಿಂಗೆ ಪರವಾಗಿಲ್ಲ. ಎದುರಿಗೆ ನಿಂತಿರೋಳ ಹೆಸರು ನಾಲಿಗೆಗೆ ಬರದೆ ನೀನು ಬೆಪ್ಪನ ಹಾಗೆ ನಗೋದನ್ನ ನಾನು ತಾನೆ ನೋಡಬೇಕು?

ಇನ್ನೊಂದು ಚಮಚ. ...ಕಹಿನಾ? ಎಲ್ಲಿ ಕಹಿ? ಕ್ಯಾಂಟೀನ್ ಗಂಜಿ ಹಾಗೇನೆ. ನುಂಗು.

ಯಾಕೆ ಹಾಗೆ ನೋಡ್ತೀಯ? ಮೋನೇ, ಕಂದಾ? ಬರ್ತಿದೆಯಾ? ಗುಂಡಿ ಒತ್ತಲಾ? ...ಇಲ್ಲ. ಕಣ್ಣು ಸರಿಯಾಗೇ ಇದೆ. ನನ್ನನ್ನೇ ನೋಡ್ತಿದೀಯ. ಮತ್ತೆ ಮಾತಾಡು. ಏನಾದ್ರೂ ಅನ್ನು, ಬೈ ಬೇಕಾದ್ರೆ.

ಬಟ್ಟಲು ಯಾಕೆ ಕೆದಕ್ತೀಯ? ಅದು ಅನ್ನದ ಅಗುಳು... ಅಗುಳೇ ಕಣೋ. ಮಾತ್ರೇನ ಹೇಗೂ ಆಚೆ ತಳ್ಳುತ್ತೆ ಅಂದ್ರಲ್ಲ, ಮತ್ತೆ ಒಂದು ಚೂರು ಹಾಕಿದ್ರೇನು, ಬಿಟ್ರೇನು...

ಕ್ರಿಸ್ಪಿನ್. ಮೇಲೆ ಕ್ಯಾಮರಾ ಇದೆ. ಹಾಗೆ ತುಟಿ ಬಿಗೀಬೇಡ.

ಬಾಯಿ ತೆಗಿ.