ನನ್ನ ಬರಹದ ಕಾವಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮೊದಲ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿರುವ ನಮ್ಮ ಅತ್ತೆಯವರೇ, ಮತ್ತು ಫೋನ್ ನೋಡುತ್ತಿರುವ ಸಭಿಕರೇ,

ಮನೆಯಲ್ಲೇ ಕೂತು ಜಾಲತಾಣಗಳಿಗೆ ಬರೆಯುವ ನಮ್ಮಂಥ ಫ್ರೀಲಾನ್ಸ್ ಬರಹಗಾರರ ಸಂಘವಿದು. ಬರಹವನ್ನು ತಿದ್ದಿಕೊಳ್ಳುವುದು ಹೇಗೆ, ಕಾಪಾಡಿಕೊಳ್ಳುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಅತ್ತೆಯವರನ್ನೂ ತಪ್ಪದೆ ಕರೆತನ್ನಿ ಎಂದಿರಿ, ಕರೆತಂದಿದ್ದೇನೆ. ವರ್ಷದ ಬರಹಗಾರರಿಗೆ ಕೊಡುವ ಫಲಕ ಬಟ್ಟೆ ಹೊದ್ದು ಮೇಜಿನ ಮೇಲಿದೆ. ನಾನು ಅತ್ತ ನೋಡುತ್ತಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಇದು ಮೊದಲ ಅಭ್ಯಾಸ. ನಾನು ಬರೆಯುವುದು ಮನೆವಾರ್ತೆಯ ಅಂಕಣ. ಓದುವುದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಒಮ್ಮೆ, "ಜಲನಿರ್ಗಮನ ವ್ಯವಸ್ಥೆಯಲ್ಲಿ ಅಡಚಣೆ ಉಂಟಾದಾಗ" ಎಂದು ಶುರುಮಾಡಿದೆ.

"ಅಯ್ಯೋ, ಯಾರಿಗೇನಾಯ್ತು ಅಳಿಯಂದಿರೇ?" ಎಂದು ಅತ್ತೆ ಗಾಬರಿಯಾದರು.

"ಸಿಂಕ್ ಕಟ್ಕೊಂಡಿದೆ ಅಂತ, ಅತ್ತೆ."

"ಹಾಗಂತ ಹೇಳ್ಬಾರ್ದಾ?"

ಹಾಗೆಯೇ ಬರೆದೆ. ಕಟ್ಟಿಕೊಂಡರೆ ಏನು ಮಾಡಬೇಕೆಂದು ಅವರು ಹೇಳುತ್ತಾ ಹೋದರು, ಅದನ್ನೂ ಬರೆದೆ. ಅಲ್ಪವಿರಾಮಗಳೆಲ್ಲ ನನ್ನವೇ.

ಇನ್ನು ಕಾಪಾಡಿಕೊಳ್ಳುವ ಮಾತು. ಪ್ರತಿ ಲೇಖನದ ಪ್ರತಿಯನ್ನು ಎರಡು ಕಡೆ ಇಡಿ. ಆಗಾಗ ನಿಮ್ಮದೇ ಒಂದು ಸಾಲನ್ನು ಜಾಲದಲ್ಲಿ ಹುಡುಕಿ ನೋಡಿ. ಏಕೆ? ಕಳ್ಳರಿದ್ದಾರೆ! ಇನ್ನೊಬ್ಬರ ಮಾತನ್ನು ಎತ್ತಿಕೊಂಡು ತಮ್ಮ ಹೆಸರು ಹಾಕಿಕೊಳ್ಳುವವರಿಗೆ ನಾಚಿಕೆ ಬೇಡವೇ? ನೀವೇ ಹೇಳಿ, ಬೇಡವೇ?

ಯಾರಾದರೂ ಅತ್ತೆಯವರಿಗೆ ನೀರು ಕೊಡಿ, ಕೆಮ್ಮು ಬಂದಿದೆ.

ಅದೇ ಸಿಂಕ್ ಲೇಖನವನ್ನು ಒಬ್ಬ ಮಹಾಶಯ ಪೂರ್ತಿ ಎತ್ತಿದ. ಸಾಲದ್ದಕ್ಕೆ, ಕದ್ದವನು ನಾನೇ ಎಂದು ನಮ್ಮ ಸಂಪಾದಕರಿಗೆ ದೂರು ಕೊಟ್ಟ! ಇಂದಿನ ಅಧ್ಯಕ್ಷರೇ ಆ ಸಂಪಾದಕರು. ಅಂಕಣ ನಿಲ್ಲಿಸುವ ಮಾತು ಬಂತು. ನಾನು ಕರಡು ಕಳಿಸಿದೆ, ಅವನೂ ಕಳಿಸಿದ. ಕೊನೆಗೆ ಸಂಪಾದಕರು ಇಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಬಿಸಿನೀರು ಮತ್ತೆ ಮತ್ತೆ ಸುರೀರಿ ಅಂದಿದ್ದೀರಲ್ಲ, ಒಂದೇ ಸಲ ಯಾಕೆ ಸಾಲ್ದು?"

ಆತ ತಬ್ಬಿಬ್ಬಾದನಂತೆ. ನಾನು ಆಗಲಿಲ್ಲ. ಫೋನನ್ನು ಅತ್ತೆಯ ಕೈಗೆ ಕೊಟ್ಟೆ.

"ಒಂದೇ ಸಲಕ್ಕೆ ಜಿಡ್ಡು ಕರಗಿ, ಮುಂದಕ್ಕೆ ಹೋಗಿ ಮತ್ತೆ ಗಟ್ಟಿಯಾಗುತ್ತಪ್ಪ. ಯಾಕೆ, ನಿಮ್ಮನೇದೂ ಕಟ್ಕೊಂಡಿದ್ಯಾ? ನೀರು ಕಾಯಕ್ಕಿಡಿ. ನಾನು ಹೇಳ್ತೀನಿ, ಫೋನ್ ಇಡ್ಬೇಡಿ."

ಸಂಪಾದಕರ ಮನೆಯ ಸಿಂಕ್ ಸರಾಗವಾದ ಮೇಲೆಯೇ ಫೋನ್ ನನ್ನ ಕೈಗೆ ಬಂದದ್ದು. "ಬರೆದವರು ಯಾರು ಅಂತ ಗೊತ್ತಾಯ್ತು ಬಿಡಿ" ಎಂದರು. ಅಂಕಣ ಉಳಿಯಿತು. ಆ ದಿನದ ನನ್ನ ಸಂತೋಷವನ್ನು ಹೇಗೆ ಹೇಳಲಿ? ಹೆಸರೇ ಹೋದ ಮೇಲೆ ಬರೆಯುವವರಿಗೆ ಇನ್ನೇನಿದೆ?

ಅಧ್ಯಕ್ಷರೇ, ಫಲಕ ಎತ್ತಿಕೊಂಡಿರಾ? ಇಗೋ, ನಾನು ಇಲ್ಲೇ ಇದ್ದೇನೆ. ಮೆಟ್ಟಿಲಿಳಿದು ಎಲ್ಲಿಗೆ ಹೊರಟಿರಿ? ಅಲ್ಲಿ ನಮ್ಮ ಅತ್ತೆ…

ಓ.

ಸಭಿಕರೇ, ಏಕೆ ಎದ್ದು ನಿಂತಿರಿ? ಸರಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಮನಸಾರೆ ತಟ್ಟುತ್ತೇನೆ. ಬನ್ನಿ ಅತ್ತೆ, ಮೈಕ್ ನಿಮ್ಮದು.

ಕೊನೆಯ ಅಭ್ಯಾಸವೊಂದಿದೆ, ಹೇಳಿ ಮುಗಿಸುತ್ತೇನೆ: ಜೇಬಿನಲ್ಲಿ ಸದಾ ಪೆನ್ ಇರಲಿ. ಇಷ್ಟು ಹೊತ್ತು ಸಹಿಸಿಕೊಂಡ ಎಲ್ಲರಿಗೂ ಧನ್ಯವಾದ, ನಮಸ್ಕಾರ.

ಅತ್ತೆ, ಸ್ವಲ್ಪ ನಿಧಾನವಾಗಿ ಮಾತಾಡಿ. ಬರ್ಕೋಬೇಕು.