ದೇವರಿಗೆ ಸಲ್ಲಬೇಕಾದ ಏಣಿ

...ಅಲ್ಲ ತಂಗೀ, ಅದನ್ನ ಇಟ್ಟುಕೊಂಡು ನೀನೇನು ಮಾಡ್ತೀಯ? ಹೇಳು! ಹೆತ್ತ ಅಪ್ಪನನ್ನ ಬೀಳಿಸಿ ಕೊಂದ ಏಣಿ ಅದು. ಗಾಡಿಯವನು ಆಗಲೇ ಬಂದು ಕೆಳಗೆ ಕಾಯ್ತಿದ್ದಾನೆ. ನೀನು ಒಂದು ಸಲ ಹೂಂ ಅಂದ್ರೆ ಸಾಕು, ಸಂಜೆಯೊಳಗೆ ಈ ನಿಘಂಟು ಕಚೇರಿಯಿಂದ ಅದರ ಪೀಡೆ ತೊಲಗುತ್ತೆ. ನಿಮ್ಮಪ್ಪ ಸ್ವಂತ ಖರ್ಚಲ್ಲಿ ಮಾಡಿಸಿದ್ದು, ನಿಮ್ಮ ಮನೆ ಸ್ವತ್ತು. ಅದಕ್ಕೇ ಕೇಳ್ತಿದ್ದೀನಿ. ಇಲ್ದಿದ್ರೆ ಕೇಳ್ತಾನೇ ಇರಲಿಲ್ಲ.

ಯಾಕೆ ಹಾಗೆ ನೋಡ್ತೀಯ? ಯಾರೋ ನಿನ್ನ ಕಿವಿ ಊದಿದ್ದಾರೆ. ಹೌದು, ಊದಿದ್ದಾರೆ! ಆ ಪುಸ್ತಕ ಕಟ್ಟೋ ಬೈಂಡರ್ ತಾನೆ? ಅವನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಅವರು ಬೀಳೋ ಹಿಂದಿನ ದಿನ ಏಣಿಯ ಚಕ್ರಕ್ಕೆ ಎಣ್ಣೆ ಬಿಟ್ಟವನು ಅವನೇ. ಬಿಡು ಅಂತ ಹೇಳಿದೋರು ಯಾರು? ಯಾರೂ ಹೇಳಿರಲಿಲ್ಲ! ಅವತ್ತಿಂದ ನನ್ನ ಕಣ್ಣು ತಪ್ಪಿಸಿ ಓಡಾಡ್ತಾನೆ. ನಾನೇನೂ ಅಂತಿಲ್ಲಮ್ಮಾ... ನೀನೇ ಯೋಚನೆ ಮಾಡು.

ಕೂತ್ಕೋ. ಆ ಕುರ್ಚಿ ಬೇಡ, ಅದು ಅವರದ್ದು... ಸರಿ ಸರಿ, ಕೂತ್ಕೋ. ನಿಮ್ಮಪ್ಪನ ಕುರ್ಚಿ, ನಿನಗಿಲ್ಲದ ಹಕ್ಕು ಯಾರಿಗಿದೆ!

ಅವರು ಕೊನೆಗೆ ಕೈಗೆ ತಗೊಂಡ ಪದ ಯಾವುದು ಗೊತ್ತಾ? ಡಿಯೋಡ್ಯಾಂಡ್. ಇಂಗ್ಲಿಷಿನ ಹಳೇ ಪದ, ಧರ್ಮಕ್ಕೂ ಕಾನೂನಿಗೂ ಸೇರಿದ್ದು, ಈಗ ಅಲ್ಲೂ ಯಾರ ಬಾಯಲ್ಲೂ ಇಲ್ಲ. ಲ್ಯಾಟಿನ್ನಿಂದ ಬಂತು. ದೇವರಿಗೆ ಕೊಡಬೇಕಾದ್ದು ಅಂತ ಅರ್ಥ. ಯಾಕೆ ನಗ್ತೀಯ? ಆಯ್ತು, ನಗಲಿಲ್ಲ... ತುಟಿ ಕೊಂಕಿತು ಅನ್ನಿಸ್ತು. ಕೇಳು. ಆ ಕಾಲದಲ್ಲಿ ಗಾಡಿ ಹರಿದು ಒಬ್ಬ ಸತ್ತ ಅಂದ್ಕೋ. ಆ ಗಾಡೀನ ಮುಟ್ಟುಗೋಲು ಹಾಕ್ಕೊಳ್ತಿದ್ರು! ಕುದುರೆ ಒದ್ದರೆ ಕುದುರೆ, ಮರ ಬಿದ್ದರೆ ಮರ, ಕುದಿಯೋ ಹಂಡೆಗೆ ಬಿದ್ದರೆ ಹಂಡೆ. ಪಾಪ ಒಪ್ಪಿಕೊಳ್ಳೋಕೆ ಪುರುಸೊತ್ತಿಲ್ಲ, ಪಾದ್ರಿಯ ಕೊನೇ ಪ್ರಾರ್ಥನೆ ಇಲ್ಲ, ಗಕ್ಕನೆ ಸತ್ತವನ ಆತ್ಮದ ಗತಿ ಏನು? ಅದಕ್ಕೇ, ಕೊಂದ ವಸ್ತುವಿನ ಬೆಲೆ ಬಡವರಿಗೆ, ಪ್ರಾರ್ಥನೆಗೆ, ದೇವರ ಹೆಸರಲ್ಲಿ ಹೋಗಬೇಕು. ಆಮೇಲಾಮೇಲೆ ರಾಜರು ದೇವರ ಪಾಲನ್ನೂ ನುಂಗಿ ನೀರು ಕುಡಿದರು, ಅದು ಬೇರೆ ಮಾತು. ಕೊನೆಗೆ ರೈಲು ಬಂತು ನೋಡು! ಜನ ಸತ್ತಾಗ ಪಂಚರು ಇಂಜಿನ್ನಿಗೇ ಬೆಲೆ ಕಟ್ಟಿ ವಸೂಲಿಗೆ ನಿಂತರು. ರೈಲಿನ ಧಣಿಗಳು ಹೌಹಾರಿಬಿಟ್ಟರು. ಕಾನೂನೇ ರದ್ದಾಯ್ತು, ಅದರ ಹಿಂದೆ ಪದವೂ ಸತ್ತಿತು.

ನಾನು ಹೇಳೋದೂ ಅಷ್ಟೇ. ಇದು ನಮ್ಮ ಡಿಯೋಡ್ಯಾಂಡ್. ಮಾರೋಣ, ಬಂದದ್ದನ್ನ ಅನಾಥಾಶ್ರಮಕ್ಕೆ ಕೊಡೋಣ, ನಿಮ್ಮಪ್ಪನ ಹೆಸರಲ್ಲಿ. ಅವರ ಆತ್ಮಕ್ಕೂ ಒಳ್ಳೇದು.

ತಲೆ ಯಾಕೆ ಅಡ್ಡ ಆಡಿಸ್ತೀಯ? ಇಷ್ಟು ಒಳ್ಳೇ ಮಾತಿಗೂ ಬೇಡವಾ?

ಆ ಕಾನೂನಲ್ಲಿ ಒಂದು ಸೂಕ್ಷ್ಮ ಇದೆ. ನಿಂತ ಗಾಡಿಯಿಂದ ಬಿದ್ದು ಸತ್ತರೆ, ಕಾಲಿಟ್ಟಿದ್ದ ಚಕ್ರ ಒಂದೇ ದೇವರಿಗೆ. ಗಾಡಿ ಓಡ್ತಿದ್ರೆ? ಗಾಡಿ, ಕುದುರೆ, ಹೊರೆ... ಸಾವಿನ ಕಡೆಗೆ ಚಲಿಸಿದ್ದೆಲ್ಲಾ! ಅವತ್ತು ಬೆಳಿಗ್ಗೆ ಜಗಳ ಆದದ್ದು ಈ ಪದಕ್ಕೇ. ಜಗಳ ಅಂದ್ರೆ... ಜಗಳ ಅಲ್ಲ, ಚರ್ಚೆ. ನಾನು ‘ದೈವದಂಡ’ ಅಂತ ಬರೆದಿದ್ದೆ. ನಿಮ್ಮಪ್ಪ ಹೊಡೆದು ಹಾಕಿದರು. “ಏಣಿಗೆ, ಗಾಡಿಗೆ ಯಾರಾದ್ರೂ ದಂಡ ಹಾಕ್ತಾರೇನಯ್ಯ? ವಸ್ತು ತಪ್ಪು ಮಾಡುತ್ತಾ? ಇಷ್ಟು ವರ್ಷ ನನ್ನ ನೆರಳಲ್ಲಿದ್ದು ಇಷ್ಟೂ ತಿಳೀಲಿಲ್ವಾ?” ಅಂದರು. ಎಲ್ಲರ ಎದುರಿಗೆ! ಆ ಬೈಂಡರ್ ಕಿಸಕ್ ಅಂದ. ಹೋಗಲಿ, ನನಗೇನೂ ಬೇಜಾರಿಲ್ಲ. ಇಲ್ಲೇ ನನ್ನ ಕೂದಲು ಹಣ್ಣಾಯ್ತು, ಪುಸ್ತಕದ ಮೇಲೆ ಮಾತ್ರ ಒಂದೇ ಹೆಸರು, ಅವರದ್ದು... ಬೇಜಾರಿಲ್ಲ ಅಂದೆನಲ್ಲ!

ಅವರು ಬಿದ್ದಾಗ ನಾನೆಲ್ಲಿದ್ದೆ? ಆಗಲೇ ಹೇಳಿದೆನಲ್ಲ, ಟೀ ಕುಡಿಯೋಕೆ ಹೋಗಿದ್ದೆ. ಎಲ್ಲರೂ ಊಟಕ್ಕೆ ಇಳಿದಿದ್ದರು... ಟೀನೋ ಊಟಾನೋ, ಏನೋ ಒಂದು! ಪೊಲೀಸಿನವರೂ ಇಷ್ಟು ಕೆದಕಲಿಲ್ಲ. ಅವರೊಬ್ಬರೇ ಇದ್ದರು. ಹತ್ತಿದ್ದಾರೆ, ಲ್ಯಾಟಿನ್ ಕೋಶಕ್ಕೆ ಕೈ ಚಾಚಿದ್ದಾರೆ, ಏಣಿ ತಾನಾಗೇ ಸರ್ರಂತ ಹೋಗಿದೆ. ಅಷ್ಟೇ.

ಹೌದು, ಮಾಮೂಲಾಗಿ ನಾನೇ ತಳ್ಳೋದು. ನಿಮ್ಮಪ್ಪನ ಕಥೆ ನಿನಗೆ ಗೊತ್ತಿಲ್ವಾ? ಒಂದು ಸಲ ಹತ್ತಿದರೆ ಇಳಿಯೋ ಮಾತೇ ಇಲ್ಲ. ಮೇಲಿಂದಲೇ “ಮುಂದೆ... ಇನ್ನಷ್ಟು... ನಿಲ್ಸು.” ಕಪಾಟಿನ ಈ ತುದಿಯಿಂದ ಆ ತುದಿಗೆ ದೊರೆ ಸವಾರಿ! ಕೆಳಗೆ ನಾನು. ಒಂದು ದಿನಾನೂ ಬಗ್ಗಿ ನನ್ನ ಮುಖ ನೋಡಲಿಲ್ಲ ಪುಣ್ಯಾತ್ಮ.

ಎಲ್ಲಿಗೆ ಎದ್ದೆ? ತಂಗೀ... ಹತ್ತಬೇಡ. ಬೇಡ ಅಂದೆ! ಹುಚ್ಚು ಹಿಡೀತಾ ನಿನಗೆ? ಇಳಿ ಕೆಳಗೆ.

ಏನು ಮಾಡ್ತಿದ್ದೀಯ ಅಲ್ಲಿ? ಅಲ್ಲಾಡಿಸಿ ನೋಡ್ತೀಯಾ? ಅದು ಅಲ್ಲಾಡಲ್ಲ. ಎಷ್ಟು ಕುಣಿದರೂ ಅಲ್ಲಾಡಲ್ಲ, ಮೇಲೆ ಭಾರ ಬಿದ್ದ ಕೂಡಲೇ ಕಾಲೂರಿಕೊಳ್ಳೋ ಹಾಗೆ ಮಾಡಿಸಿದ್ದಾರೆ ನಿಮ್ಮಪ್ಪ. ಕೆಳಗಿನ ಸನ್ನೆಗೋಲನ್ನ ಒಬ್ಬರು ತುಳಿದು ಹಿಡಿಯೋವರೆಗೂ ಚಕ್ರ ಕದಲೋದೇ...

...

ಎಣ್ಣೆ. ಬೈಂಡರ್ ಎಣ್ಣೆ ಬಿಟ್ಟಿದ್ದ...

ಏನಾದ್ರೂ ಹೇಳು. ಬೈಯಿ. ಕಿರುಚು! ಅಲ್ಲಿಂದ ಹಾಗೆ ನೋಡಬೇಡ ನನ್ನ, ಕಣ್ಣು ಥೇಟ್ ಅವರದ್ದೇ... ತಂಗೀ, ಅವರು “ಮುಂದೆ” ಅಂದಿರಲಿಲ್ಲ. ಕೈ ಚಾಚಿದ್ದರು. ಬೀಳಲಿ ಅಂತ ಅಲ್ಲ, ನಿನ್ನಾಣೆ, ಬೀಳಲಿ ಅಂತ ಅಲ್ಲ! ಒಂದು ಸಲ... ಒಂದೇ ಒಂದು ಸಲ ಬೆಚ್ಚಿಬಿದ್ದು ನನ್ನ ಕಡೆ ನೋಡಲಿ ಅಂತ.

ನೋಡಿದರು.

ಇಳಿ ತಾಯೀ. ಕೈ ಕೊಡ್ಲಾ? ... ಬೇಡ. ಬೇಡ, ಗೊತ್ತು. ಅಷ್ಟು ಗಟ್ಟಿಯಾಗಿ ಹಿಡ್ಕೋಬೇಡ, ಬೆರಳು ಬೆಳ್ಳಗಾಗಿದೆ. ನಾನು ಹತ್ತಿರ ಬರಲ್ಲ. ನೋಡು, ಆ ಗೋಡೆ ಹತ್ತಿರ ಹೋಗಿ ನಿಲ್ತೀನಿ, ಎರಡೂ ಕೈ ನಿನಗೆ ಕಾಣೋ ಹಾಗೆ... ನಿಂತೆ. ಈಗ ಇಳಿ.