ಇಲ್ಲದ ಸದ್ದು

ಡೀಸೆಲ್ ವಾಸನೆ ಎಂದರೆ ಅಜ್ಜಿಗೆ ಈಗಲೂ ಬಾಲ್ಯದಲ್ಲಿ ಕಂಡ ಅಪ್ಪನ ಡ್ರೈವರ್ ಅಂಗಿಯೇ ನೆನಪು. ಈ ಹೊಸ ಬ್ಯಾಟರಿ ಬಸ್ಸಿಗೆ ಆ ವಾಸನೆಯೇ ಇಲ್ಲ. ಮಧ್ಯಾಹ್ನದ ಬಿಡುವು ಮುಗಿದು ಬಸ್ಸು ಹೊರಡಲೆಂದು ಅವಳು ಒಳಗೆ ಕಾದು ಕುಳಿತಿದ್ದಾಗ ಡ್ರೈವರ್ ಡಿಪೋದ ಹಳೆಯ ಮೆಕ್ಯಾನಿಕ್ಕನ್ನು ಕೂಗಿದ.

"ಅಣ್ಣಾ, ಹಿಂದುಗಡೆ ಏನೋ ಕಿರ್ ಅನ್ನುತ್ತೆ. ಸ್ವಲ್ಪ ಕೇಳಿ ಹೇಳಿ."

"ನನ್ನ ಕಿವಿಗೆ ಡೀಸೆಲ್ ಇಂಜಿನ್ ಭಾಷೆ ಮಾತ್ರ ಗೊತ್ತು ಕಣೋ. ಲ್ಯಾಪ್‌ಟಾಪ್ ಹಿಡಿದು ರಿಪೇರಿ ಮಾಡ್ತಾರಲ್ಲ, ಅವರನ್ನ ಕರಿ."

"ಅವರಿಗೆ ಕೇಳಿಸ್ತಿಲ್ಲ."

ಡ್ರೈವರ್ ಸ್ವಿಚ್ ಹಾಕಿದ. ಮೆಕ್ಯಾನಿಕ್ ಹಿಂಬದಿಯ ತಗಡಿಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದ.

"ಒಂದು ಚಾರ್ಜಿಗೆ ಇನ್ನೂರು ಕಿಲೋಮೀಟರ್ ಓಡಿದ್ರೂ ತುಟಿಪಿಟಕ್ ಅನ್ನಲ್ಲ ಇದು. ತಿಂಗಳಿಂದ ನನ್ನನ್ನ ಯಾರೂ ಕರೆದಿರಲಿಲ್ಲ. ಕರೆದವನು ನೀನೊಬ್ಬ, ಅದೂ ಸುಳ್ಳು ಹೇಳಿ ಕರೆದೆಯಲ್ಲೋ!"

"ಸುಮ್ಮನೆ ಊಟಕ್ಕೆ ಕರೆದಿದ್ರೆ ಬರ್ತಿದ್ರಾ?"

ಡ್ರೈವರ್ ಸೀಟಿನಡಿಯಿಂದ ಎರಡು ಡಬ್ಬಿ ತೆಗೆದು, ಒಂದನ್ನು ಅವನ ಕೈಗಿಟ್ಟ.